ಜಕಾರ್ಡಿನ ಊರಿನಲ್ಲಿ

ವ್ಯವಹಾರಕ್ಕೆಂದು ಪರದೇಶಕ್ಕೆ ಹೊರಟ ಗಂಡಂದಿರು ಹೆಂಡತಿಯರನ್ನು ಯಾಕೆ ಜೊತೆಗೆ ಕರೆದುಕೊಂಡು ಹೋಗುತ್ತಾರೆ? "ಪಾಪ, ಅವಳೂ ನಾಲ್ಕು ಊರು ನೋಡಲಿ" ಎಂಬ ಉತ್ತರ ನೆಂಟರಿಷ್ಟರ ಎದುರು ಹೇಳುವುದಕ್ಕೆ. ಒಳಗಿನ ಉತ್ತರಗಳು ಬೇರೆ ಇವೆ. ಬಿ.ಪಿ. ಮಾತ್ರೆ ಯಾವುದು, ಸಕ್ಕರೆ ಕಾಯಿಲೆಯ ಮಾತ್ರೆ ಯಾವುದು ಎಂದು ನಮ್ಮವರಿಗೆ ಇವತ್ತಿಗೂ ತಿಳಿಯದು. ಇಸ್ತ್ರಿ ಮಾಡಿದ ಅಂಗಿ ಮುದ್ದೆಯಾಗದ ಹಾಗೆ ಸೂಟ್‌ಕೇಸಿನಲ್ಲಿಡುವ ವಿದ್ಯೆ ಕೈಗೆ ಹತ್ತಿಲ್ಲ. ಮೂರನೆಯ ದಿನಕ್ಕೆ ಬ್ರೆಡ್ಡು ಬೆಣ್ಣೆ ಕಂಡರೆ ಮುಖ ಹುಳ್ಳಗಾಗುವ ಈ ಮನುಷ್ಯನಿಗೆ ಚಟ್ನಿಪುಡಿ, ಹುರಿದ ಅವಲಕ್ಕಿ, ಪುಳಿಯೋಗರೆ ಗೊಜ್ಜು ಕಟ್ಟಿಕೊಂಡು ಜೊತೆಗೆ ಹೋಗುವವರು ಯಾರಾದರೂ ಬೇಕು. ಮೂವತ್ತಾರು ವರ್ಷದ ಸಂಸಾರದಲ್ಲಿ ಆ 'ಯಾರಾದರೂ' ನಾನೇ ಎಂಬುದು ತಾನಾಗಿಯೇ ತೀರ್ಮಾನವಾಗಿಹೋಗಿದೆ.

2023ರ ಡಿಸೆಂಬರಿನಲ್ಲಿ ಹೀಗೆ ನಾನು ಫ್ರಾನ್ಸಿನ ಲಿಯಾನ್ ಪಟ್ಟಣಕ್ಕೆ ಹೊರಟೆ. ವೀಸಾ ಅರ್ಜಿ ತುಂಬಿಸುವ ಹುಡುಗ ಕಂಪ್ಯೂಟರಿನಿಂದ ತಲೆ ಎತ್ತದೆಯೇ ಕೇಳಿದ: "ಅಂಕಲ್ಲಿಗೆ ಬಿಸಿನೆಸ್. ಆಂಟಿ, ನಿಮಗೆ ಹೌಸ್‌ವೈಫ್ ಅಂತ ಹಾಕ್ಲಾ?" ಹಾಕಪ್ಪಾ ಎಂದೆ. ಹಾಕದೆ ಇನ್ನೇನು ಮಾಡುತ್ತಾನೆ?

ಇಲ್ಲಿ ನನ್ನ ಮನೆತನದ ನಾಲ್ಕು ಮಾತು ಹೇಳಲೇಬೇಕು. ನನ್ನ ತವರು ದೊಡ್ಡಬಳ್ಳಾಪುರ. ನಡುಮನೆಯಲ್ಲಿ ಎರಡು ಮಗ್ಗ. ಮಗ್ಗ ಬಿಟ್ಟು ಉಳಿದ ಜಾಗದಲ್ಲಿ ನಾವು ಏಳು ಜನ. ಅತ್ತೆಯ ಮನೆಯವರದು ಬೆಂಗಳೂರಿನ ಚಿಕ್ಕಪೇಟೆಯಲ್ಲಿ ರೇಷ್ಮೆ ನೂಲಿನ ವ್ಯಾಪಾರ. ಮಾವನವರು ನೂಲು ಕೊಡುತ್ತಿದ್ದರು, ಅಪ್ಪ ಸೀರೆ ನೇಯ್ದು ಕೊಟ್ಟು ಮಜೂರಿ ಎಣಿಸಿಕೊಂಡು ಬರುತ್ತಿದ್ದರು. ಅಂದರೆ ಒಂದೇ ಲೆಕ್ಕದ ಪುಸ್ತಕದ ಎಡಗಡೆ ಪುಟದಿಂದ ಎದ್ದು ಬಲಗಡೆ ಪುಟಕ್ಕೆ ಬಂದು ಕುಳಿತವಳು ನಾನು. ಈಗ ನಮ್ಮವರು ಪರದೆಗೆ, ಸೋಫಾಕ್ಕೆ ಹಾಕುವ ಡುಪಿಯನ್ ರೇಷ್ಮೆ ಬಟ್ಟೆಯನ್ನು ಹೊರದೇಶಕ್ಕೆ ಕಳಿಸುತ್ತಾರೆ. ನೇಯುವವರು ದೊಡ್ಡಬಳ್ಳಾಪುರದ ಸುತ್ತಿನ ನಲವತ್ತು ಮಗ್ಗದವರು. ಲಿಯಾನಿನಲ್ಲಿ ಇವರ ಹಳೆಯ ಗಿರಾಕಿಯೊಬ್ಬರಿದ್ದಾರೆ. ಪ್ರಯಾಣ ಅದಕ್ಕಾಗಿ.

ಊರು ಚೆನ್ನಾಗಿದೆ. ಸೋನ್ ಮತ್ತು ರೋನ್ ಎಂಬ ಎರಡು ನದಿಗಳು ಊರ ನಡುವೆ ಜೊತೆಜೊತೆಗೇ ಹರಿದು ಕೊನೆಗೆ ಸೇರುತ್ತವೆ. ಮಂಗಳವಾರ ಬೆಳಿಗ್ಗೆ ಇವರು, "ದೂರ ಹೋಗ್ಬೇಡ, ಫೋನು ಕೈಯಲ್ಲಿ ಇಟ್ಕೋ, ಚಳಿಗೆ ಟೋಪಿ ಹಾಕ್ಕೋ" ಎಂದು ಮೂರು ಅಪ್ಪಣೆ ಕೊಟ್ಟು ಹೊರಟುಹೋದರು. ಟೋಪಿಯ ಮಾತೊಂದನ್ನು ಪಾಲಿಸಿ ಊರು ನೋಡಲು ಹೊರಟೆ. ಬೆಲ್‌ಕೂರ್ ಎಂಬ ದೊಡ್ಡ ಮೈದಾನ, ಅದರ ನಡುವೆ ಕುದುರೆ ಮೇಲೆ ಕುಳಿತ ಹದಿನಾಲ್ಕನೆಯ ಲೂಯಿ. ಹಳೆ ಊರಿನ ಸಂದಿಗಳು. ಹಗ್ಗದ ರೈಲಿನಲ್ಲಿ ಏರಿದರೆ ಫುರ್ವಿಯೇರ್ ಗುಡ್ಡ, ಅದರ ಮೇಲೆ 1872ರಲ್ಲಿ ಕಟ್ಟಲು ತೊಡಗಿದ ಮೇರಿಯಮ್ಮನ ಬಿಳಿಯ ಇಗರ್ಜಿ. ಇವನ್ನೆಲ್ಲ ಚಿತ್ರದ ಪುಸ್ತಕಗಳಲ್ಲಿ ನೀವೂ ನೋಡಬಹುದು. ಆದರೆ ಇಗರ್ಜಿಯ ಕಟ್ಟೆಯಿಂದ ಎದುರಿಗೆ ಇನ್ನೊಂದು ಗುಡ್ಡ ಕಾಣಿಸಿತು. ಉದ್ದುದ್ದ ಕಿಟಕಿಗಳ, ಒತ್ತೊತ್ತಾಗಿ ನಿಂತ ಹಳದಿ ಮನೆಗಳು. ಅದು ಕ್ರುವಾ ರೂಸ್. ಊರಿನವರು ಹೇಳುವುದು ಹೀಗೆ: ಇದು ಪ್ರಾರ್ಥನೆ ಮಾಡುವ ಗುಡ್ಡ, ಅದು ದುಡಿಯುವ ಗುಡ್ಡ.

ಅಂದು ರಾತ್ರಿ ಗಿರಾಕಿ ನಮ್ಮನ್ನು ಊಟಕ್ಕೆ ಕರೆದಿದ್ದರು. ಲಿಯಾನಿನವರಿಗೆ ತಮ್ಮ ಊಟದ ಬಗ್ಗೆ ಬಹಳ ಹೆಮ್ಮೆ. ಆ ಹೆಮ್ಮೆಯ ಮುಕ್ಕಾಲು ಪಾಲು ಹಂದಿಯದು, ಕರುಳಿನದು, ನಾಲಿಗೆಯದು. ಮಾಂಸ ತಿನ್ನದ ನಾನು ಪಟ್ಟಿ ಹಿಡಿದು ಕುಳಿತೆ. ಆತ ಅದರಲ್ಲಿ ಒಂದನ್ನು ಬೆರಳಿಟ್ಟು ತೋರಿಸಿ, "ಇದು ನಿಮಗಾಗುತ್ತದೆ. ಹೆಸರಿನ ಅರ್ಥ ನೇಕಾರನ ಮಿದುಳು" ಎಂದರು! ನನ್ನ ಮುಖ ನೋಡಿ ಮೇಜಿನವರೆಲ್ಲ ನಕ್ಕುಬಿಟ್ಟರು. ಬಂದದ್ದು ಏನು ಎನ್ನುತ್ತೀರಿ? ಗಟ್ಟಿ ಮೊಸರಿನಂಥ ಹಸಿ ಗಿಣ್ಣಕ್ಕೆ ಸಣ್ಣ ಈರುಳ್ಳಿ, ಸೊಪ್ಪು, ಉಪ್ಪು, ಮೆಣಸು, ಎಣ್ಣೆ ಹಾಕಿ ಕಲಸಿದ್ದು. ನಮ್ಮ ಮೊಸರುಬಜ್ಜಿಯ ದೂರದ ತಂಗಿ. ಆ ಊರಿನ ರೇಷ್ಮೆ ನೇಕಾರರಿಗೆ 'ಕಾನ್ಯು' ಎನ್ನುತ್ತಾರಂತೆ. ಮಾಂಸ ಕೊಳ್ಳಲಾಗದ ಬಡ ನೇಕಾರರ ಊಟಕ್ಕೆ ಯಾರೋ ಇಟ್ಟ ಹೆಸರು ಅದು. ತಮಾಷೆಯೋ, ಹಂಗಿಸಿದ್ದೋ, ಎರಡೂ ಇದ್ದೀತು. ಬಟ್ಟಲು ಖಾಲಿ ಮಾಡಿದೆ, ರುಚಿಯಾಗಿಯೇ ಇತ್ತು. ಆದರೆ ಆ ಹೆಸರು ಮನಸ್ಸಿನಲ್ಲಿ ಕೂತುಬಿಟ್ಟಿತು. ಮರುದಿನ ಎದುರು ಗುಡ್ಡಕ್ಕೆ ಹೋಗುವುದು ಖಾತ್ರಿಯಾಯಿತು.

ಕ್ರುವಾ ರೂಸ್ ಹತ್ತುವ ಮೆಟ್ರೋ ರೈಲಿಗೆ ಹಲ್ಲಿನ ಹಳಿಯಿದೆ, ಗುಡ್ಡ ಅಷ್ಟು ಕಡಿದು. ಮೇಲಿನ ಚೌಕದಲ್ಲಿ ಒಂದು ಪ್ರತಿಮೆ. ಕೆಳಗಿನ ಹೆಸರನ್ನು ಅಕ್ಷರ ಕೂಡಿಸಿ ಓದಿದೆ: ಜಕಾರ್ಡ್.

ನೀವು ನೇಕಾರರ ಮನೆಯವರಲ್ಲದಿದ್ದರೆ ನನಗಾದ ಬೆರಗು ನಿಮಗೆ ತಿಳಿಯದು. ನಮ್ಮ ಮನೆಯಲ್ಲಿ 'ಜಕಾರ್ಡು' ಎಂದರೆ ಮಗ್ಗದ ಮೇಲೆ ಕುಳಿತ ಮರದ ಪೆಟ್ಟಿಗೆ. "ಜಕಾರ್ಡಿಗೆ ಎಣ್ಣೆ ಬಿಡು," "ಜಕಾರ್ಡಿನ ದಾರ ಕಿತ್ತುಹೋಯ್ತು," "ಜಕಾರ್ಡಿನ ಕೆಳಗೆ ಮಲಗಬೇಡ್ವೇ, ತಲೆ ಮೇಲೆ ಬಿದ್ದೀತು." ಅದು ಲಾಳಿಯ ಹಾಗೆ, ಅಚ್ಚಿನ ಹಾಗೆ ನಮ್ಮದೇ ಮಾತು ಎಂದು ತಿಳಿದಿದ್ದೆ. ಈಗ ನೋಡಿದರೆ ಅದು ಒಬ್ಬ ಮನುಷ್ಯನ ಹೆಸರು! ಜೋಸೆಫ್ ಮಾರಿ ಜಕಾರ್ಡ್, 1752ರಲ್ಲಿ ಇದೇ ಲಿಯಾನಿನಲ್ಲಿ ಹುಟ್ಟಿದವನು, ನೇಕಾರನ ಮಗ. ನನಗೆ ಯಾಕೋ ನಗುವೂ ಬಂತು, ಕಣ್ಣೂ ಒದ್ದೆಯಾಯಿತು. ಅಪ್ಪನಿಗೆ ಹೇಳಬೇಕಿತ್ತು. ಅಪ್ಪ ಹೋಗಿ ಹನ್ನೊಂದು ವರ್ಷವಾಗಿತ್ತು.

ಪಕ್ಕದ ಬೀದಿಯಲ್ಲಿ ನೇಕಾರರ ಮನೆಯೊಂದನ್ನು ವಸ್ತುಸಂಗ್ರಹಾಲಯ ಮಾಡಿದ್ದಾರೆ. ಚೀಟಿ ಕೊಂಡು ಒಳಗೆ ಹೋದೆ. ವಿವರಿಸುವವಳು ಕಾಲೇಜು ಮುಗಿಸಿದ ವಯಸ್ಸಿನ ಹುಡುಗಿ. ಅವಳ ಮಾತೆಲ್ಲ ಫ್ರೆಂಚ್. ನಾನು ಹಿಂದೆ ನಿಂತು ಅವಳ ಕೈ ನೋಡಿದೆ. ಮಗ್ಗ ಹತ್ತಿ ಕುಳಿತಳು, ಕಾಲಮಣೆ ಒತ್ತಿದಳು. ಮೇಲೆ ತೂತುಬಿದ್ದ ರಟ್ಟುಗಳ ಮಾಲೆ ಒಂದು ರಟ್ಟಿನಷ್ಟು ಮುಂದೆ ಸರಿಯಿತು. ತೂತಿದ್ದ ಕಡೆ ಸೂಜಿ ಒಳಹೊಕ್ಕು ಹಾಸಿನ ಎಳೆ ಮೇಲೆದ್ದಿತು, ತೂತಿಲ್ಲದ ಕಡೆ ಎಳೆ ಕೆಳಗೇ ಉಳಿಯಿತು. ಲಾಳಿ ಓಡಿತು, ಅಚ್ಚು ಬಡಿಯಿತು. ಆ ಸದ್ದಿಗೆ ಅವರ ಭಾಷೆಯಲ್ಲಿ ಒಂದು ಪದವೇ ಇದೆ, 'ಬಿಸ್ತಾಂಕ್ಲಾಕ್'. ಹುಡುಗಿ ಅದನ್ನು ಹೇಳಿದಾಗ ಎಲ್ಲರೂ ನಕ್ಕರು. ನನಗೆ ಪದ ಬೇಕಿರಲಿಲ್ಲ. ಆ ಸದ್ದಿನಲ್ಲಿಯೇ ಮಗ್ಗಿ ಬಾಯಿಪಾಠ ಮಾಡಿದವಳು, ಅದು ನಿಂತರೆ ರಾತ್ರಿ ಎಚ್ಚರವಾಗಿ ಏಳುತ್ತಿದ್ದವಳು ನಾನು.

ಮಗ್ಗದ ಕಾಲಬುಡದಲ್ಲಿ ಒಂದು ಸಣ್ಣ ರಾಟೆ ಇತ್ತು. ಯಾರೂ ಅದರತ್ತ ನೋಡಲಿಲ್ಲ. ನಾನು ಬಗ್ಗಿ ನೋಡಿದೆ. ಕಂಡಿಕೆ ಸುತ್ತುವ ರಾಟೆ! ನೂಲಿನ ಲಡಿಯಿಂದ ಎಳೆ ತೆಗೆದು ಲಾಳಿಯೊಳಗಿಡುವ ಗೇಣುದ್ದವೂ ಇಲ್ಲದ ಕಡ್ಡಿಗೆ ಸುತ್ತುವುದು. ಎಳೆ ಸಡಿಲವಾದರೆ ಬಟ್ಟೆಯಲ್ಲಿ ಗುಂಜು, ಬಿಗಿಯಾದರೆ ಕಿತ್ತುಹೋಗುತ್ತದೆ. ಅಮ್ಮ ನಸುಕಿಗೆ ಎದ್ದು ಒಲೆ ಹಚ್ಚುವ ಮೊದಲು ಒಂದು ಬುಟ್ಟಿ, ಮಧ್ಯಾಹ್ನ ಒಂದು ಬುಟ್ಟಿ, ರಾತ್ರಿ ನಮ್ಮನ್ನು ಮಲಗಿಸಿದ ಮೇಲೆ ಒಂದು ಬುಟ್ಟಿ ಕಂಡಿಕೆ ಸುತ್ತುತ್ತಿದ್ದಳು. ಅವಳ ಬಲಗೈ ಹೆಬ್ಬೆರಳಿನಲ್ಲಿ ಎಳೆ ಓಡಿ ಓಡಿ ಒಂದು ಗೀರು ಬಿದ್ದಿತ್ತು. ಹಣೆಗೆ ವಿಭೂತಿ ಇಡುವಾಗ ಆ ಗೀರು ನನ್ನ ಹಣೆಗೆ ಗೊತ್ತಾಗುತ್ತಿತ್ತು.

ನಾನು ರಾಟೆಯ ಹಿಡಿಕೆ ತಿರುಗಿಸುವ ಹಾಗೆ ಕೈ ಆಡಿಸಿ ತೋರಿಸಿದಾಗ ಹುಡುಗಿಯ ಕಣ್ಣು ಅರಳಿತು. ಉಳಿದವರು ಹೋದ ಮೇಲೆ ನನ್ನೊಬ್ಬಳಿಗೇ, ಇಬ್ಬರದೂ ಅರೆಬರೆ ಇಂಗ್ಲಿಷಿನಲ್ಲಿ, ಅರ್ಧ ಗಂಟೆ ಮಾತಾಡಿದಳು. ಜಕಾರ್ಡ್ ತನ್ನ ಯಂತ್ರ ಕಟ್ಟಿದ್ದು 1804ರಲ್ಲಿ. ಅದಕ್ಕೆ ಮೊದಲು ಹೂವಿನ ಬಟ್ಟೆ ನೇಯಬೇಕಾದರೆ ಮಗ್ಗದ ಪಕ್ಕದಲ್ಲಿ ಒಬ್ಬರು ನಿಂತು ಹಗ್ಗಗಳನ್ನು ಎಳೆಯಬೇಕಿತ್ತು. ಹೆಚ್ಚಾಗಿ ಹುಡುಗಿಯರು, ಮಕ್ಕಳು. ಯಂತ್ರ ಬಂದು ಅವರ ಸೊಂಟ ಉಳಿಯಿತು, ಕೂಲಿ ಹೋಯಿತು. ಯಂತ್ರ ಎತ್ತರದ್ದು, ಹಳೆ ಊರಿನ ಮನೆಗಳೊಳಗೆ ಹಿಡಿಸದು. ಅದಕ್ಕೇ ಈ ಗುಡ್ಡದ ಮೇಲೆ ನಾಲ್ಕು ಮೀಟರ್ ಎತ್ತರದ ಮಾಳಿಗೆಯ ಮನೆಗಳು ಎದ್ದವು. ಬೆಳಕಿಗೆ ಉದ್ದ ಕಿಟಕಿ, ನೆಲಕ್ಕೆ ಮಗ್ಗ, ಮೇಲೆ ಮರದ ಅಟ್ಟ ಕಟ್ಟಿ ಅಲ್ಲಿ ಗಂಡ ಹೆಂಡತಿ ಮಕ್ಕಳು ಮಲಗುವುದು. ನಮ್ಮ ಮನೆಯೇ ಆಯಿತಲ್ಲ ಎಂದುಕೊಂಡೆ. (ತೂತಿನ ರಟ್ಟಿನ ಈ ಉಪಾಯವೇ ಮುಂದೆ ಕಂಪ್ಯೂಟರಿಗೆ ದಾರಿಯಾಯಿತಂತೆ. ಬೆಂಗಳೂರಿನಲ್ಲಿ ರಾತ್ರಿಪಾಳಿ ಮಾಡುವ ನನ್ನ ಮಗನಿಗೆ, ನೀನೂ ನೇಕಾರನೇ ಕಣೋ ಎಂದು ಅಲ್ಲಿಂದಲೇ ಒಂದು ಸಂದೇಶ ಕಳಿಸಿದೆ.)

ಆಮೇಲೆ ಅವಳು 1831ರ ಕಥೆ ಹೇಳಿದಳು. ನೂಲು ವ್ಯಾಪಾರಿಯದು, ಮಗ್ಗ ನೇಕಾರನದು, ಬಟ್ಟೆಗೆ ಅಳತೆಯ ಮೇಲೆ ಮಜೂರಿ. ಮಜೂರಿ ವರ್ಷವರ್ಷ ಇಳಿಯುತ್ತ ಬಂತು. ಇಷ್ಟಕ್ಕಿಂತ ಕೆಳಗೆ ಇಳಿಸಬಾರದು ಎಂಬ ಒಂದು ದರಪಟ್ಟಿ ಬೇಕೆಂದು ನೇಕಾರರು ಕೇಳಿದರು. ಅಕ್ಟೋಬರಿನಲ್ಲಿ ಸರ್ಕಾರದ ಅಧಿಕಾರಿಯ ಎದುರು ಎರಡೂ ಕಡೆಯವರು ಕುಳಿತು ಪಟ್ಟಿ ಒಪ್ಪಿದರು. ಕೆಲವು ವ್ಯಾಪಾರಿಗಳು ಮಾತ್ರ ಅದನ್ನು ಕೊಡುವುದಿಲ್ಲ ಎಂದು ಕುಳಿತರು. ನವೆಂಬರ್ 21ರಂದು ಈ ಗುಡ್ಡದಿಂದ ನೇಕಾರರು ಕಪ್ಪು ಬಾವುಟ ಹಿಡಿದು ಇಳಿದರು. ರಕ್ತ ಹರಿಯಿತು. ಕೆಲವು ದಿನ ಇಡೀ ಊರು ಅವರ ಕೈಯಲ್ಲಿತ್ತು. ಡಿಸೆಂಬರಿನಲ್ಲಿ ಸೈನ್ಯ ಬಂತು. ದರಪಟ್ಟಿ ರದ್ದಾಯಿತು.

"ಹೆಂಗಸರು?" ಎಂದೆ. ಅವಳು ಸ್ವಲ್ಪ ಯೋಚಿಸಿ 1869ರ ಬೇಸಿಗೆಯ ಮಾತು ತೆಗೆದಳು. ರೇಷ್ಮೆಗೆ ಹುರಿ ಹಾಕುವ ಕಾರ್ಖಾನೆಗಳಲ್ಲಿ ದುಡಿಯುತ್ತಿದ್ದವರು ಹಳ್ಳಿಗಳಿಂದ ಬಂದ ಹೆಣ್ಣುಮಕ್ಕಳು. ಕೂಲಿ ಹೆಚ್ಚಿಸಿ, ಕೆಲಸದ ಹೊತ್ತು ಇಳಿಸಿ ಎಂದು ಅವರು ಮುಷ್ಕರ ಹೂಡಿದರು. ಮಾಲೀಕರ ಬಿಡಾರಗಳಲ್ಲಿದ್ದವರನ್ನು ಪೆಟ್ಟಿಗೆಯ ಸಮೇತ ಬೀದಿಗೆ ಹಾಕಿದರು. ಅವರ ಮುಂದಾಳು ಫಿಲೋಮೆನ್ ರೋಜಾನ್ ಎಂಬಾಕೆ. ಬಾಸೆಲ್ ಊರಿನಲ್ಲಿ ನಡೆಯಲಿದ್ದ ಕಾರ್ಮಿಕರ ಅಂತರರಾಷ್ಟ್ರೀಯ ಸಮ್ಮೇಳನಕ್ಕೆ ಆಕೆಯನ್ನೇ ಕಳಿಸಬೇಕೆಂಬ ಮಾತಾಯಿತು. ಕೊನೆಗೆ ಆ ಹೆಂಗಸರ ಪ್ರತಿನಿಧಿಯಾಗಿ ಹೋದವನು ಬಕುನಿನ್ ಎಂಬ ಗಂಡಸು! ದೊಡ್ಡ ಕ್ರಾಂತಿಕಾರಿಯಂತೆ, ಇರಲಿ. ಆದರೆ ಆತ ಒಂದು ದಿನವಾದರೂ ನೂಲಿಗೆ ಹುರಿ ಹಾಕಿದ್ದನೇ ಎಂದು ಕೇಳೋಣವೆನಿಸಿತು.

ರಾತ್ರಿ ಹೋಟೆಲಿಗೆ ಬಂದಾಗ ಇವರ ಮುಖ ಸಣ್ಣಗಾಗಿತ್ತು. ಅವಲಕ್ಕಿಗೆ ಬಿಸಿನೀರು ಚಿಮುಕಿಸಿ ಚಟ್ನಿಪುಡಿ ಕಲಸಿಕೊಟ್ಟೆ.

"ಮೀಟರಿಗೆ ಎರಡು ಯೂರೋ ಇಳಿಸಿ ಅಂತಾರೆ. ಇಲ್ಲದಿದ್ರೆ ಬೇರೆ ದೇಶದಿಂದ ತರಿಸ್ತಾರಂತೆ."

"ನೀವೇನಂದ್ರಿ?"

"ಲೆಕ್ಕ ಹಾಕಿ ಹೇಳ್ತೀನಿ ಅಂದೆ." ಕಾಗದದ ಮೇಲೆ ಪೆನ್ನು ಓಡಿಸುತ್ತಲೇ ಹೇಳಿದರು. "ನೂಲಿನ ರೇಟು ನನ್ನ ಕೈಲಿಲ್ಲ. ಬಣ್ಣದವನು ಒಂದು ಪೈಸೆ ಬಿಡೋದಿಲ್ಲ. ಸಾಗಾಣಿಕೆ ಇಳಿಯೋದಿಲ್ಲ. ಇನ್ನೇನು ಉಳೀತು ಹೇಳು? ಮಜೂರಿ."

ಆ ಪದ ಕೇಳಿ ಎದೆ ಧಸಕ್ಕೆಂದಿತು. ಹೊಸದೇನಲ್ಲ, ಎಷ್ಟೋ ಸಲ ಕೇಳಿದ್ದೆ. ಅಪ್ಪ ಚಿಕ್ಕಪೇಟೆಯಿಂದ ಬಂದು ಮಾತಿಲ್ಲದೆ ಅಂಗಿ ಕಳಚಿ ಗೂಟಕ್ಕೆ ಹಾಕಿದ ಸಂಜೆಗಳು ನೆನಪಿವೆ. ಹಾಗೆಂದು ನಮ್ಮವರನ್ನು ಕೆಟ್ಟವರೆಂದರೆ ನನ್ನ ನಾಲಿಗೆಗೇ ಒಳ್ಳೆಯದಲ್ಲ. ಕೊರೋನಾ ಬಂದ ವರ್ಷ ಬಟ್ಟೆ ಹೋಗದೆ ಗೋದಾಮು ತುಂಬಿದಾಗಲೂ ನಲವತ್ತು ಮನೆಗೂ ಅಕ್ಕಿ ಬೇಳೆ ಕಳಿಸಿದವರು ಇವರು. ಆರ್ಡರು ತಪ್ಪಿದರೆ ಆ ಮಗ್ಗಗಳೇ ನಿಲ್ಲುತ್ತವೆ. ಅದೂ ನಿಜ, ಇದೂ ನಿಜ.

ಗುಡ್ಡದ ಕಥೆ ಹೇಳಿದೆ. ಕೇಳಿಸಿಕೊಂಡು, "ಅದು ಫ್ರಾನ್ಸು ಕಣೇ, ಇನ್ನೂರು ವರ್ಷದ ಹಿಂದಿನ ಮಾತು" ಎಂದರು.

"ಮಗ್ಗ ಅದೇ ಅಲ್ವೇನ್ರೀ?"

ಉತ್ತರ ಬರಲಿಲ್ಲ. ದೀಪ ಆರಿಸಿದ ಮೇಲೂ ಇವರು ಬಹಳ ಹೊತ್ತು ಮಗ್ಗುಲು ಬದಲಾಯಿಸುತ್ತಿದ್ದರು.

ಗುರುವಾರ ಮಳೆ. ಕೊಡೆ ಹಿಡಿದು ಗುಡ್ಡದ ಇಳಿಜಾರಿನಲ್ಲಿ ಟ್ರಾಬೂಲ್ ಎಂಬ ಓಣಿಗಳನ್ನು ಹುಡುಕುತ್ತ ಸುತ್ತಿದೆ. ಹೊರಗಿನಿಂದ ನೋಡಿದರೆ ಮಾಮೂಲಿ ಮನೆಬಾಗಿಲು. ತಳ್ಳಿದರೆ ಒಳಗೆ ಕತ್ತಲ ದಾರಿ, ಅಂಗಳ, ಮೆಟ್ಟಿಲು, ಮತ್ತೊಂದು ಬಾಗಿಲು. ಹೊರಬಿದ್ದಾಗ ನೀವು ಕೆಳಗಿನ ಬೀದಿಯಲ್ಲಿರುತ್ತೀರಿ! ನೇಯ್ದ ರೇಷ್ಮೆಯನ್ನು ಮಳೆಗೆ ನೆನೆಯದಂತೆ ಹೊತ್ತು ವ್ಯಾಪಾರಿಯ ಕೋಠಿಗೆ ಇಳಿಸುವುದಕ್ಕೆ ಈ ದಾರಿಗಳು ಬಹಳ ಅನುಕೂಲವಾಗಿದ್ದವು. ಎರಡನೆಯ ಮಹಾಯುದ್ಧದಲ್ಲಿ ಜರ್ಮನರ ಕಣ್ಣು ತಪ್ಪಿಸಲು ಭೂಗತ ಹೋರಾಟಗಾರರೂ ಇವನ್ನು ಬಳಸಿದರು. ವೋರಾಸ್ ಅಂಗಳ ಎಂಬಲ್ಲಿ ಆರು ಅಂತಸ್ತಿನ ಕಲ್ಲಿನ ಮೆಟ್ಟಿಲಿದೆ. ಅಲ್ಲಿ ಕುಳಿತು ಉಸಿರು ತೆಗೆದುಕೊಂಡೆ. ಮನೆಗಳಲ್ಲಿ ಈಗಲೂ ಜನರಿದ್ದಾರೆ. ಯಾರದೋ ಬಾಗಿಲ ಬಳಿ ಮಗುವಿನ ಸೈಕಲ್ಲು, ಇನ್ನಾರದೋ ಮನೆಯಿಂದ ಈರುಳ್ಳಿ ಹುರಿಯುವ ವಾಸನೆ. ಸುಮ್ಮನೆ ಕುಳಿತಿದ್ದೆ. ಅಡಿಗೆಗೆ ಹೊತ್ತಾಯಿತೆಂಬ ಗಡಿಬಿಡಿಯಿಲ್ಲದೆ, ಯಾರಿಗೂ ಹೇಳದೆ, ಮಧ್ಯಾಹ್ನ ಹನ್ನೆರಡು ಗಂಟೆಗೆ ಮೆಟ್ಟಿಲ ಮೇಲೆ ಕುಳಿತುಕೊಳ್ಳುವುದು ಎಷ್ಟು ದೊಡ್ಡ ಸುಖ ಎಂದು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ.

ಶುಕ್ರವಾರ ಡಿಸೆಂಬರ್ 8. ಅಂದು ಲಿಯಾನಿನ ದೊಡ್ಡ ದೀಪದ ಹಬ್ಬ. 1852ರಲ್ಲಿ ಫುರ್ವಿಯೇರ್ ಗುಡ್ಡದ ಮೇಲೆ ಮೇರಿಯಮ್ಮನ ಪ್ರತಿಮೆ ಸ್ಥಾಪಿಸುವುದು ಪ್ರವಾಹದಿಂದಾಗಿ ಸೆಪ್ಟೆಂಬರಿನಿಂದ ಡಿಸೆಂಬರಿಗೆ ಹೋಯಿತು. ಆ ದಿನವೂ ಬಿರುಗಾಳಿ, ಮಳೆ. ಸಂಜೆಗೆ ಆಕಾಶ ತಿಳಿಯಾದದ್ದೇ ತಡ, ಜನ ತಾವಾಗಿಯೇ ಕಿಟಕಿಕಿಟಕಿಗೂ ದೀಪ ಇಟ್ಟರಂತೆ. ಅಂದಿನಿಂದ ಅದು ಪದ್ಧತಿ. ಈಗ ನಾಲ್ಕು ದಿನ ವಿದ್ಯುತ್ ಬೆಳಕಿನ ಆಟಗಳೂ ಇರುತ್ತವೆ, ಲಕ್ಷಾಂತರ ಜನ ಬಂದು ಸೇರುತ್ತಾರೆ. ನನಗೆ ಹಿಡಿಸಿದ್ದು ಗಾಜಿನ ಪುಟ್ಟ ಲೋಟದೊಳಗೆ ಉರಿಯುವ ಮೇಣದ ದೀಪಗಳು. ನಮ್ಮಲ್ಲಿ ಕಾರ್ತಿಕ ಮಾಸ ಮುಗಿಯಲು ಇನ್ನೂ ನಾಲ್ಕು ದಿನವಿತ್ತು. ಅಂಗಡಿಯಲ್ಲಿ ಅರ್ಧ ಡಜನ್ ಕೊಂಡು ತಂದು ಹೋಟೆಲಿನ ಕಿಟಕಿಯಲ್ಲಿ ಹಚ್ಚಿಟ್ಟೆ. ಇವರು ಬಂದವರೇ ಶೂ ಬಿಚ್ಚದೆ ಅವನ್ನು ನೋಡುತ್ತ ನಿಂತರು. "ಅವನು ಒಂದು ಯೂರೋಗೆ ಒಪ್ಪಿದ," ಎಂದರು. ಮುಖದಲ್ಲಿ ಗೆಲುವಿತ್ತೋ ಸೋಲಿತ್ತೋ ಬೆಳಕು ಸಾಲದೆ ಕಾಣಲಿಲ್ಲ.

"ಆ ಒಂದು ಯೂರೋ ಎಲ್ಲಿಂದ ಬರುತ್ತೆ?"

"ಈ ಸಲ ನನ್ನ ಪಾಲಿಂದ ಹೋಗ್ಲಿ. ಮುಂದಿನದು ಮುಂದೆ."

ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದೆ: "ರೀ, ನಿಮ್ಮ ಮಜೂರಿ ಪುಸ್ತಕದಲ್ಲಿ ಕಂಡಿಕೆ ಸುತ್ತೋದಕ್ಕೆ ಎಷ್ಟು ಅಂತ ಬರೀತೀರಿ?"

ಇವರಿಗೆ ಪ್ರಶ್ನೆಯೇ ತಿಳಿಯಲಿಲ್ಲ. "ಅದಕ್ಕೆಂಥ ಮಜೂರಿ? ಮನೆ ಹೆಂಗಸರು ಸುತ್ತಿಕೊಡ್ತಾರೆ. ಮೀಟರಿನ ಲೆಕ್ಕದಲ್ಲೇ ಎಲ್ಲಾ ಬಂತಲ್ಲ."

"ನಮ್ಮಮ್ಮ ಸುತ್ತಿದ್ದೂ?"

ಇವರು ನನ್ನ ಮುಖ ನೋಡಿದರು. ಕೆಳಗೆ ಬೀದಿಯಲ್ಲಿ ಮಕ್ಕಳು ಏನೋ ಹಾಡುತ್ತ ಹೋಗುತ್ತಿದ್ದರು. ಶೂ ಬಿಚ್ಚಿ ಹಾಸಿಗೆಯ ಅಂಚಿನಲ್ಲಿ ಕುಳಿತು, "ಅದನ್ನ ಹೇಗೆ ಲೆಕ್ಕ ಹಾಕೋದು?" ಎಂದರು. ಜಗಳದ ದನಿಯಲ್ಲಲ್ಲ. ಲೆಕ್ಕ ಗೊತ್ತಿದ್ದ ಮನುಷ್ಯ ನಿಜವಾಗಿಯೇ ಲೆಕ್ಕ ಕೇಳುವ ದನಿಯಲ್ಲಿ.

ಸಂಕ್ರಾಂತಿಗೆ ಎಳ್ಳುಬೆಲ್ಲ ಕೊಡುವ ನೆಪದಲ್ಲಿ ದೊಡ್ಡಬಳ್ಳಾಪುರಕ್ಕೆ ಹೋದೆ. ನಮಗೆ ನೇಯುವ ಮನೆಗಳಲ್ಲಿ ಮೊದಲನೆಯದಕ್ಕೆ ಕಾಲಿಟ್ಟಾಗ ಗಂಡ ಮಗ್ಗದ ಮುಂದೆ, ಹೆಂಡತಿ ಕಂಡಿಕೆಯ ಮುಂದೆ. ಈಗ ರಾಟೆಗೂ ಮೋಟಾರು ಬಂದಿದೆ, ಕೈಯಿಂದ ತಿರುಗಿಸಬೇಕಾಗಿಲ್ಲ. ಎಳೆ ಹಿಡಿಯುವ ಬೆರಳು ಮಾತ್ರ ಅದೇ. ಅವಳ ಪಕ್ಕದಲ್ಲಿ ನೆಲದ ಮೇಲೆ ಕುಳಿತು, ದಿನಕ್ಕೆ ಎಷ್ಟು ಕಂಡಿಕೆ ಸುತ್ತುತ್ತೀಯಮ್ಮ ಎಂದು ಕೇಳಿದೆ.

"ಅಯ್ಯೋ ಅಕ್ಕಾ, ಅದನ್ನೆಲ್ಲ ಯಾರು ಎಣಿಸ್ತಾರೆ!" ಎಂದು ನಕ್ಕಳು. ಆಮೇಲೆ ಏನನ್ನಿಸಿತೋ, ಮೋಟಾರು ನಿಲ್ಲಿಸಿ, ಬುಟ್ಟಿ ಮಡಿಲಿಗೆಳೆದುಕೊಂಡು ಒಂದೊಂದೇ ತೆಗೆದು ನೆಲದ ಮೇಲೆ ಸಾಲಾಗಿ ಇಡತೊಡಗಿದಳು. ಎಂಬತ್ತು ದಾಟಿತು. ಹೊತ್ತು ಇನ್ನೂ ಹನ್ನೊಂದಾಗಿತ್ತು.